ಎಲೆಯ ಮೇಲಿನ ಹೆಸರು

ಕನ್ನಡ ವ್ಯಾಕರಣವು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನದಿ, ಮರ, ಮನುಷ್ಯ ಎಂಬಂತೆ ರೂಢಿಯಿಂದ ಬಂದದ್ದು ರೂಢನಾಮ. ಕಾವೇರಿ, ರಾಮ ಎಂಬಂತೆ ಗುರುತಿಗಾಗಿ ಇಟ್ಟುಕೊಂಡದ್ದು ಅಂಕಿತನಾಮ. ವ್ಯಾಪಾರಿ, ಯೋಧ, ಪಂಡಿತ ಎಂಬಂತೆ ಗುಣದಿಂದಲೋ ವೃತ್ತಿಯಿಂದಲೋ ಬಂದದ್ದು ಅನ್ವರ್ಥನಾಮ. ಬಹಳ ವರ್ಷ ತರಗತಿಯಲ್ಲಿ ಹೇಳಿದ ಈ ಪಾಠವು ನಿವೃತ್ತಿಯ ನಂತರ ನನಗೆ ಮತ್ತೆ ಎದುರಾದದ್ದು ಮೊಮ್ಮಕ್ಕಳ ಎಲೆಯಾಟವೊಂದರಲ್ಲಿ. ಅಮೆರಿಕದಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿದ ಆ ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಅದರ ಎಲೆಗಳ ಮೇಲೆ ಅಚ್ಚಾಗುವ ಪ್ರಾಣಿಗಳ ಕುಲನಾಮಗಳಿಗೆ ಒಂದು ಚರಿತ್ರೆಯಿದೆ. ಇಂದು ನಾನು ಹೇಳಹೊರಟಿರುವುದು ಆ ಚರಿತ್ರೆಯನ್ನು.

ಈ ಆಟವನ್ನು ಕಟ್ಟಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಅವರು ವ್ಯಾಸಂಗ ಮಾಡಿದ್ದು ಸಂಯೋಜನ ಗಣಿತವನ್ನು. ಅಂದರೆ ವಸ್ತುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ವಿಚಾರಮಾಡುವ ಶಾಸ್ತ್ರವನ್ನು. ಪೀಟರ್ ಆಡ್ಕಿಸನ್ ಎಂಬುವರು ನಡೆಸುತ್ತಿದ್ದ ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಸಣ್ಣ ಸಂಸ್ಥೆಗೆ ಕೈಯಲ್ಲಿ ಒಯ್ಯಬಹುದಾದ, ಬೇಗ ಮುಗಿಯುವ ಆಟವೊಂದು ಬೇಕಾಗಿತ್ತು. 1993ರ ಆಗಸ್ಟಿನಲ್ಲಿ ಆಟ ಹೊರಬಂದಿತು. ಮೊದಲ ಮುದ್ರಣದಲ್ಲಿ 295 ಬಗೆಯ ಎಲೆಗಳಿದ್ದವು. ಇಂದು ಅವುಗಳ ಬಗೆ 25,000ವನ್ನು ದಾಟಿದೆ. ಇಸ್ಪೀಟಿನಲ್ಲಾದರೆ ಆಡುವವರೆಲ್ಲರಿಗೂ ಒಂದೇ ಕಟ್ಟು. ಇಲ್ಲಿ ಹಾಗಲ್ಲ. ಪ್ರತಿಯೊಬ್ಬನೂ ಎಲೆಗಳನ್ನು ಕೊಂಡು, ಗೆಳೆಯರೊಡನೆ ವಿನಿಮಯ ಮಾಡಿಕೊಂಡು, ಸಾಮಾನ್ಯವಾಗಿ 60 ಎಲೆಗಳ ತನ್ನದೇ ಕಟ್ಟನ್ನು ಕಟ್ಟಿಕೊಂಡು ಬರಬೇಕು. ಆಟ ಆರಂಭವಾಗುವ ಮೊದಲೇ, ಕಟ್ಟು ಕಟ್ಟುವಾಗಲೇ, ಅರ್ಧ ಆಟ ನಡೆದುಹೋಗಿರುತ್ತದೆ.

ಆಟದ ಕಲ್ಪನೆ ಇಷ್ಟು. ಆಡುವ ಇಬ್ಬರೂ ಮಾಂತ್ರಿಕರು. ಇಬ್ಬರಿಗೂ ತಲಾ 20 ಅಂಕಗಳ ಆಯುಸ್ಸು. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂಬ ಐದು ಬಗೆಯ ನೆಲಗಳಿಂದ ‘ಮಾನಾ’ ಎಂಬ ಶಕ್ತಿ ದೊರೆಯುತ್ತದೆ. ಈ ಪದವೇ ಪೆಸಿಫಿಕ್ ಸಾಗರದ ದ್ವೀಪವಾಸಿಗಳ ನುಡಿಗಳಿಂದ ಬಂದದ್ದು. ಆ ಶಕ್ತಿಯನ್ನು ವ್ಯಯಮಾಡಿ ಮಾಂತ್ರಿಕನು ಮಂತ್ರ ಹಾಕುತ್ತಾನೆ, ಪ್ರಾಣಿಗಳನ್ನು ಕರೆತರುತ್ತಾನೆ. ಪ್ರತಿ ಪ್ರಾಣಿಗೂ ಬಲ, ತಾಳಿಕೆ ಎಂಬ ಎರಡು ಅಂಕಿಗಳು. ಎದುರಾಳಿಯ ಆಯುಸ್ಸನ್ನು ಸೊನ್ನೆಗಿಳಿಸಿದವನು ಗೆದ್ದ. ಎಲೆಯ ನಡುಭಾಗದಲ್ಲಿ, ಚಿತ್ರದ ಕೆಳಗೆ, ಒಂದು ಕಿರುಸಾಲು ಇರುತ್ತದೆ. ಮೊದಲ ವರ್ಷಗಳಲ್ಲಿ ಆ ಸಾಲು ‘ಸಮನ್’ ಎಂಬ ಕ್ರಿಯಾಪದದಿಂದ ಆರಂಭವಾಗಿ, ಅದರ ಮುಂದೆ ಪ್ರಾಣಿಯ ಕುಲನಾಮ ಬರುತ್ತಿತ್ತು. ಕನ್ನಡದಲ್ಲಿ ಇದಕ್ಕೆ ‘ಆವಾಹನೆ’ ಎನ್ನುವುದಕ್ಕಿಂತ ಹೊಂದುವ ಮಾತಿಲ್ಲ. 1999ರಲ್ಲಿ ಆವಾಹನೆಯನ್ನು ಕೈಬಿಟ್ಟು, ಬರಿದೆ ‘ಪ್ರಾಣಿ’ ಎಂಬ ಮಾತನ್ನು ಅಚ್ಚುಹಾಕತೊಡಗಿದರು. ಅದರ ಮುಂದಿನ ಕುಲನಾಮ ಮಾತ್ರ ಹಾಗೆಯೇ ಉಳಿಯಿತು.

ಎಲೆಯ ಮೇಲೆ ಅದ್ಭುತಜೀವಿಗಳನ್ನು ಬರೆಯುವುದು ನಮಗೇನೂ ಹೊಸದಲ್ಲ. ದಶಾವತಾರ ಗಂಜೀಫಾದಲ್ಲಿ ಮತ್ಸ್ಯ, ಕೂರ್ಮ, ವರಾಹ, ನರಸಿಂಹರೇ ಮೊದಲಾದ ಹತ್ತು ಬಣಗಳಿಗೆ ತಲಾ ಹನ್ನೆರಡರಂತೆ 120 ಎಲೆಗಳು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಕ್ಕೆ ‘ಛದ’ ಎಂಬ ಹೆಸರಿನಲ್ಲಿ ಹೊಸ ಹೊಸ ರೂಪಗಳನ್ನು ಕಲ್ಪಿಸಿದರು. ಅವುಗಳ ವಿವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿದೆ. ಸಂಸ್ಕೃತದಲ್ಲಿ ಛದವೆಂದರೂ ಎಲೆಯೇ. ಅವರ ಚಾಮುಂಡೇಶ್ವರಿ ಛದದಲ್ಲಿ 16 ಬಣ, 320 ಎಲೆಗಳು. ಈ ಎಲೆಗಳ ಮುಂದೆ ಇಂದಿನ ಅಮೆರಿಕದ ಎಲೆಗಳನ್ನಿಟ್ಟರೆ ಒಂದು ಭೇದ ಕಣ್ಣಿಗೆ ಬೀಳುತ್ತದೆ. ಗಂಜೀಫಾದಲ್ಲಿ ನರಸಿಂಹನ ಎಲೆಗೆ ನರಸಿಂಹನೆಂಬ ಕಾರಣಕ್ಕಾಗಿ ಯಾವ ವಿಶೇಷ ಪರಾಕ್ರಮವೂ ಇಲ್ಲ. ಬಣ ಯಾವುದು, ಬಣದೊಳಗೆ ರಾಜನೋ ಮಂತ್ರಿಯೋ ಎಷ್ಟನೆಯ ಅಂಕಿಯೋ ಎಂಬುದಷ್ಟೇ ಲೆಕ್ಕ. ಹೆಸರು ಅಲ್ಲಿ ಭಕ್ತಿಗೂ ಚಿತ್ರಕ್ಕೂ ಸೇರಿದ್ದು. ಮ್ಯಾಜಿಕ್ ಆಟವಾದರೋ ಕ್ರಮೇಣ ಹೆಸರಿಗೇ ಕೆಲಸ ಕೊಡತೊಡಗಿತು.

ಎರಡು ಎಲೆಗಳು ಕೂಡಿ ಬಿಡಿಯಾಗಿ ಮಾಡಲಾರದ್ದನ್ನು ಮಾಡುವುದಕ್ಕೆ ಆಟಗಾರರು ‘ಕಾಂಬೊ’ ಎನ್ನುತ್ತಾರೆ. ನಾವು ಜೋಡಣೆ ಎನ್ನೋಣ. ಆರಂಭದ ಜೋಡಣೆಗಳಲ್ಲಿ ಹೆಸರುವಾಸಿಯಾದ ಒಂದು ಕೇವಲ ಅಂಕಗಣಿತದ್ದು. ‘ಬ್ಲ್ಯಾಕ್ ಲೋಟಸ್’ ಎಂಬ ಕಪ್ಪು ತಾವರೆಯ ಎಲೆಗೆ ವ್ಯಯವೇ ಇಲ್ಲ. ಅದನ್ನು ಬಿಸುಟರೆ ಮೂರು ಮಾನಾ ದೊರೆಯುತ್ತದೆ. ಅದರಲ್ಲಿ ಎರಡನ್ನು ಕೊಟ್ಟು ‘ಚಾನೆಲ್’ ಎಂಬ ಮಂತ್ರ ಹಾಕಿದರೆ, ತನ್ನ ಆಯುಸ್ಸಿನ ಅಂಕವೊಂದಕ್ಕೆ ಒಂದರಂತೆ ಮಾನಾ ಪಡೆಯಬಹುದು. ಆಟಗಾರನು ತನ್ನ 20ರಲ್ಲಿ 19ನ್ನು ತೆತ್ತು ಒಂದನ್ನು ಉಳಿಸಿಕೊಳ್ಳುತ್ತಾನೆ. ತಾವರೆಯಿಂದ ಉಳಿದ ಒಂದು ಸೇರಿ 20 ಆಯಿತು. ಬೆಟ್ಟದ ನೆಲವೊಂದರಿಂದ ಬಂದ ಕೆಂಪು ಮಾನಾದಿಂದ ‘ಫೈರ್‌ಬಾಲ್’ ಎಂಬ ಬೆಂಕಿಯುಂಡೆಯನ್ನು ಎಬ್ಬಿಸಿ, ಈ ಇಪ್ಪತ್ತನ್ನೂ ಅದಕ್ಕೆ ಸುರಿದರೆ, ಎದುರಾಳಿ ಒಂದೂ ಎಲೆ ಇಳಿಸುವ ಮೊದಲೇ ಆಟ ಮುಗಿದುಹೋಗುತ್ತದೆ. ಬ್ಲ್ಯಾಕ್ ಲೋಟಸನ್ನು 1994ರಲ್ಲಿಯೇ ಪಂದ್ಯಗಳಲ್ಲಿ ಕಟ್ಟಿಗೆ ಒಂದೆಂದು ಮಿತಿಗೊಳಿಸಿದುದರಲ್ಲಿ ಆಶ್ಚರ್ಯವಿಲ್ಲ.

ಇದು ಚಮತ್ಕಾರವೇನೋ ಹೌದು. ಆದರೆ ಇದರಲ್ಲಿ ತಾವರೆಯನ್ನು ಮಲ್ಲಿಗೆಯೆಂದು ಕರೆದರೂ ಲೆಕ್ಕ ಕೆಡುವುದಿಲ್ಲ. ನನ್ನ ಕುತೂಹಲವನ್ನು ಕೆರಳಿಸಿದವು ಹೆಸರಿನಿಂದ ಹುಟ್ಟುವ ಜೋಡಣೆಗಳು. 1993ರ ಮೊದಲ ಮುದ್ರಣದಲ್ಲಿಯೇ ‘ಪ್ಲೇಗ್ ರ್‍ಯಾಟ್ಸ್’ ಎಂಬ ಇಲಿಗಳ ಎಲೆಯೊಂದಿತ್ತು. ಆ ಹೆಸರಿನ ಎಲೆಗಳು ಎಷ್ಟು ಇಳಿದಿವೆಯೋ ಪ್ರತಿಯೊಂದರ ಬಲವೂ ಅಷ್ಟು. ಒಂದೇ ಇದ್ದರೆ ಬಲ ಒಂದು. ನಾಲ್ಕಿದ್ದರೆ ತಲಾ ನಾಲ್ಕು, ಒಟ್ಟು 16. ಐದಿದ್ದರೆ ತಲಾ ಐದು, ಒಟ್ಟು 25. ಎದುರಾಳಿಯ ಆಯುಸ್ಸು 20 ಎಂಬುದನ್ನು ನೆನೆದರೆ, ಕಟ್ಟಿನಲ್ಲಿ ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚಿರಬಾರದೆಂದು 1994ರಲ್ಲಿ ಬಂದ ಪಂದ್ಯದ ನಿಯಮ ಈ ಇಲಿಗಳಿಗೆ ಎಂಥ ಪೆಟ್ಟಾಯಿತೆಂಬುದು ತಿಳಿಯುತ್ತದೆ. ಹತ್ತು ವರ್ಷಗಳ ನಂತರ, 2004ರಲ್ಲಿ, ‘ರಿಲೆಂಟ್‌ಲೆಸ್ ರ್‍ಯಾಟ್ಸ್’ ಎಂಬ ಹೊಸ ಇಲಿಗಳು ಬಂದವು. ಈ ಎಲೆಯನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದೆಂದು ಎಲೆಯ ಮೇಲೆಯೇ ಬರೆದಿತ್ತು. ಇದರ ಸ್ವಂತ ಬಲ ಎರಡು. ಜೊತೆಗಿರುವ ಒಂದೊಂದು ಇಲಿಗೂ ಒಂದೊಂದು ಹೆಚ್ಚುತ್ತದೆ. ನಾಲ್ಕು ಇಲಿಗಳಿಗೆ ತಲಾ ಐದು, ಒಟ್ಟು ಸರಿಯಾಗಿ 20.

ಇಲಿಗಳದು ಒಂದೇ ಎಲೆಯ ಹೆಸರು. ಒಂದು ಹೆಜ್ಜೆ ಮುಂದೆ ಹೋಗಿ, ಇಡೀ ಕುಲವನ್ನೇ ಬಲಪಡಿಸುವ ಒಡೆಯರೂ ಆ ಮೊದಲ ಮುದ್ರಣದಲ್ಲಿದ್ದರು. ‘ಲಾರ್ಡ್ ಆಫ್ ಅಟ್ಲಾಂಟಿಸ್’ ಮತ್ಸ್ಯಮಾನವರಿಗೆ ಒಡೆಯ. ‘ಗಾಬ್ಲಿನ್ ಕಿಂಗ್’ ಗಾಬ್ಲಿನ್ನರಿಗೆ ರಾಜ. ಐರೋಪ್ಯ ಜನಪದ ಕಥೆಗಳ ಗಾಬ್ಲಿನ್ ಎಂದರೆ ಕುಳ್ಳಾದ, ಕಿಡಿಗೇಡಿಯಾದ ಪಿಶಾಚ. ರಾಜನು ಇಳಿದೊಡನೆ ಗಾಬ್ಲಿನ್ನರೆಲ್ಲರ ಬಲ, ತಾಳಿಕೆಗಳು ಒಂದೊಂದು ಹೆಚ್ಚುತ್ತವೆ. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಆರಂಭದಲ್ಲಿ ಈ ರಾಜನ ಎಲೆಯ ಮೇಲೆ ಅವನ ಕುಲ ಗಾಬ್ಲಿನ್ ಎಂದು ಬರೆದಿರಲಿಲ್ಲ. ಒಡೆಯರದು ಬೇರೆಯೇ ಒಂದು ಕುಲವಾಗಿತ್ತು. ಆದ್ದರಿಂದ ರಾಜನು ಪ್ರಜೆಗಳಿಗೆ ಕೊಟ್ಟ ಬಲ ರಾಜನಿಗೆ ಸಲ್ಲದು. ಇಬ್ಬರು ರಾಜರು ಒಟ್ಟಿಗೆ ಬಂದರೂ ಒಬ್ಬರಿಂದೊಬ್ಬರಿಗೆ ಪ್ರಯೋಜನವಿಲ್ಲ. ಚಿತ್ರ ನೋಡಿದರೆ ಅವನು ಗಾಬ್ಲಿನ್ನನೇ. ಆಟದ ಕಾನೂನು ಮಾತ್ರ ಚಿತ್ರವನ್ನು ನೋಡದು, ಬರೆದ ಪದವನ್ನಷ್ಟೇ ಓದುತ್ತದೆ. ಮುಂದಿನ ಮುದ್ರಣಗಳಲ್ಲಿ ರಾಜನಿಗೂ ಗಾಬ್ಲಿನ್ ಕುಲ ಸಿಕ್ಕಿತು. ಆಗ ಎಲೆಯ ಮಾತಿಗೆ ‘ಇತರ’ ಎಂಬ ಪದವೊಂದನ್ನು ಸೇರಿಸಬೇಕಾಯಿತು: ಇತರ ಗಾಬ್ಲಿನ್ನರಿಗೆ ಬಲ ಹೆಚ್ಚುತ್ತದೆ ಎಂದು. ಇಬ್ಬರು ರಾಜರಿದ್ದರೆ ಈಗ ಪರಸ್ಪರ ಉಪಕಾರವಾಗುತ್ತದೆ. ಒಂದು ಕುಲನಾಮ, ಒಂದು ವಿಶೇಷಣ, ಇಷ್ಟರಿಂದ ಅರಸನ ಸ್ಥಾನವೇ ಬದಲಾಯಿತು.

1997ರಲ್ಲಿ ‘ಟೆಂಪೆಸ್ಟ್’ ಎಂಬ ಎಲೆಗಳ ಮಾಲೆಯೊಂದಿಗೆ ‘ಸ್ಲಿವರ್’ ಎಂಬ ಕುಲ ಬಂದಿತು. ಇವಕ್ಕೆ ಆಗ ಒಡೆಯನೆಂಬುವನು ಬೇಕಾಗಿರಲಿಲ್ಲ. ಒಂದು ಸ್ಲಿವರಿಗೆ ಇರುವ ಗುಣ ಎಲ್ಲ ಸ್ಲಿವರುಗಳಿಗೂ ಬರುತ್ತದೆ. ಒಂದಕ್ಕೆ ರೆಕ್ಕೆಯಿದ್ದರೆ ಎಲ್ಲವೂ ಹಾರುತ್ತವೆ. ‘ಮಸಲ್ ಸ್ಲಿವರ್’ ಎಂಬುದರ ಸ್ವಂತ ಬಲ, ತಾಳಿಕೆಗಳು ಒಂದೊಂದೇ. ಆದರೆ ಅದು ಎಲ್ಲ ಸ್ಲಿವರುಗಳಿಗೂ ಒಂದೊಂದನ್ನು ಕೂಡಿಸುತ್ತದೆ. ಅಂಥವು ಎರಡು ಇಳಿದರೆ ಪ್ರತಿಯೊಂದಕ್ಕೂ ಮೂರು. ‘ಎಲ್ಲ’ ಎಂಬ ಪದವನ್ನು ಇಲ್ಲಿ ಗಮನಿಸಬೇಕು. ಎದುರಾಳಿಯ ಕಡೆಯಲ್ಲಿ ಸ್ಲಿವರುಗಳಿದ್ದರೆ ಅವಕ್ಕೂ ಈ ಗುಣ ಬರುತ್ತಿತ್ತು. ಕುಲದ ಬಂಧ ಪಕ್ಷದ ಬಂಧಕ್ಕಿಂತ ಹಿರಿದಾಗಿತ್ತು. 2013ರಲ್ಲಿ ಹೊಸ ಸ್ಲಿವರುಗಳನ್ನು ಮುದ್ರಿಸಿದಾಗ ‘ನಿನ್ನ ವಶದಲ್ಲಿರುವ ಸ್ಲಿವರುಗಳು’ ಎಂದು ಮಾತನ್ನು ಬದಲಿಸಿದರು. ಆಟಕ್ಕೆ ಅದು ಅನುಕೂಲವೇ ಇರಬಹುದು. ಆದರೂ ವೈರಿಯ ಪಾಳೆಯದಲ್ಲಿರುವ ತನ್ನವನಿಗೂ ತನ್ನ ಗುಣವನ್ನು ಹಂಚುವ ಆ ಹಳೆಯ ‘ಎಲ್ಲ’ವೇ ನನಗೆ ಪ್ರಿಯ.

ಮನುಷ್ಯರ ಪಾಡು ಇನ್ನೂ ವಿಚಿತ್ರವಾದದ್ದು. ಮೊದಲ ಹತ್ತು ವರ್ಷಗಳ ಎಲೆಗಳಲ್ಲಿ ಗಾಬ್ಲಿನ್ನನಿಗೆ ಗಾಬ್ಲಿನ್, ಎಲ್ಫನಿಗೆ ಎಲ್ಫ್ ಎಂದು ರೂಢನಾಮ ಸಿಕ್ಕಿತ್ತು. ಮನುಷ್ಯನಿಗೆ ಸಿಕ್ಕಿದ್ದು ಅನ್ವರ್ಥನಾಮ ಮಾತ್ರ: ಸೈನಿಕ, ಮಾಂತ್ರಿಕ, ಪಾದ್ರಿ ಇತ್ಯಾದಿ. ಅವನು ಮನುಷ್ಯನೆಂಬುದನ್ನು ಹೇಳುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ಹೇಳುವವನು ತನ್ನನ್ನು ಎಣಿಸಿಕೊಳ್ಳದಿರುವುದು ಲೋಕರೂಢಿಯೇ. 2003ರ ‘ಮಿರೊಡಿನ್’ ಮಾಲೆಯಲ್ಲಿ ಮೊದಲ ಬಾರಿಗೆ ‘ಹ್ಯೂಮನ್’ ಎಂಬ ಕುಲ ಅಚ್ಚಾಯಿತು. ಅಂದಿನಿಂದ ಹುಟ್ಟನ್ನೂ ಕಸುಬನ್ನೂ ಎರಡು ಪದಗಳಲ್ಲಿ ಬಿಡಿಸಿ ಬರೆಯುವುದು ವಾಡಿಕೆಯಾಯಿತು: ಮನುಷ್ಯ–ಸೈನಿಕ, ಎಲ್ಫ್–ಸೈನಿಕ, ಗಾಬ್ಲಿನ್–ಸೈನಿಕ. ಸೈನಿಕರಿಗೆ ಬಲ ಕೊಡುವ ಎಲೆ ಈ ಮೂವರಿಗೂ ಬಲ ಕೊಡುತ್ತದೆ. ಹುಟ್ಟು ಬೇರೆಯಾದರೂ ಕಸುಬಿನಿಂದ ಅವರು ಒಂದಾಗುತ್ತಾರೆ. ಕುಲವನ್ನೂ ಕಸುಬನ್ನೂ ಒಂದೇ ಹೆಸರಿನಲ್ಲಿ ಬೆಸೆದು, ಬಿಡಿಸಲಾಗದಂತೆ ಮಾಡಿಕೊಂಡ ಸಮಾಜದಲ್ಲಿ ಬಾಳಿದ ನನಗೆ, ಎರಡು ಪದಗಳ ನಡುವಿನ ಆ ಸಣ್ಣ ತೆರಪು ದೊಡ್ಡದಾಗಿಯೇ ಕಂಡಿತು.

ಇಷ್ಟರಲ್ಲಿ ಕುಲನಾಮಗಳ ಪಟ್ಟಿ ಕಾಡಿನಂತೆ ಬೆಳೆದಿತ್ತು. ಒಂದೊಂದೇ ಎಲೆಗೆ ಒಂದೊಂದು ಕುಲ. ಒಂದೇ ಬಗೆಯ ಪ್ರಾಣಿಗೆ ಎರಡು ಮೂರು ಹೆಸರು. 2007ರಲ್ಲಿ ‘ಲೋರ್ವಿನ್’ ಮಾಲೆ ಬರುವ ಹೊತ್ತಿಗೆ ಪ್ರಕಾಶಕರು ಹಳೆಯ ಎಲೆಗಳನ್ನೆಲ್ಲ ಪರಿಶೀಲಿಸಿ, ಸಾವಿರಕ್ಕೂ ಹೆಚ್ಚು ಎಲೆಗಳ ಕುಲವನ್ನು ತಿದ್ದಿದರು. ಒಡೆಯ ಎಂಬ ಕುಲವನ್ನು ಅಂದೇ ರದ್ದುಮಾಡಿದರು. ನಿಘಂಟು ಕಾರ್ಯವನ್ನು ಬಲ್ಲವರು ಈ ಶ್ರಮವನ್ನು ಊಹಿಸಿಕೊಳ್ಳಬಲ್ಲರು. ಅದೇ ಲೋರ್ವಿನ್ನಿನಲ್ಲಿ ‘ಚೇಂಜ್‌ಲಿಂಗ್’ ಎಂಬ ಬಹುರೂಪಿಗಳೂ ಬಂದವು. ಇವು ಏಕಕಾಲದಲ್ಲಿ ಎಲ್ಲ ಕುಲಗಳಿಗೂ ಸೇರಿದವು. ಗಾಬ್ಲಿನ್ ರಾಜನ ಉಪಕಾರವೂ ಇವಕ್ಕೆ ಸಲ್ಲುತ್ತದೆ, ಅಟ್ಲಾಂಟಿಸ್ ಒಡೆಯನದೂ ಸಲ್ಲುತ್ತದೆ. 1998ರ ‘ಕೋಟ್ ಆಫ್ ಆರ್ಮ್ಸ್’ ಎಂಬ ಎಲೆಯೊಂದಿದೆ. ಅದು ಪ್ರತಿ ಪ್ರಾಣಿಗೂ ತನ್ನ ಕುಲವನ್ನು ಹಂಚಿಕೊಂಡ ಇತರ ಪ್ರಾಣಿಗಳೆಷ್ಟೋ ಅಷ್ಟು ಬಲವನ್ನು ಕೂಡಿಸುತ್ತದೆ. ಅದರ ಜೊತೆಗೆ ಬಹುರೂಪಿಯೊಂದು ಇಳಿಯಿತೆನ್ನಿ. ಇಲಿಗೂ ಅದು ನೆಂಟ, ಎಲ್ಫನಿಗೂ ನೆಂಟ. ಒಬ್ಬರಿಗೊಬ್ಬರು ಸಂಬಂಧವಿಲ್ಲದವರೆಲ್ಲರೂ ಅದರ ಮೂಲಕ ಬಲ ಪಡೆಯುತ್ತಾರೆ. ಆಡುವ ಮಕ್ಕಳು ನಗುತ್ತ ಲೆಕ್ಕ ಹಾಕುವ ಜೋಡಣೆಗಳಲ್ಲಿ ಇದೂ ಒಂದು.

ಇನ್ನು ನಮ್ಮ ಪದಗಳ ಮಾತು. ಅವತಾರ ಎಂಬ ಪದ ಈ ಆಟದಲ್ಲಿ ಒಂದು ಕುಲನಾಮ. 2000ದ ‘ಪ್ರಾಫೆಸಿ’ ಮಾಲೆಯಲ್ಲಿ ದೈತ್ಯಬಲದ ಅವತಾರಗಳು ಹಲವು ಬಂದವು. ಕೆಳಗಿಳಿದು ಬರುವುದೆಂಬ ಧಾತ್ವರ್ಥ ಅಲ್ಲಿ ಉಳಿದಿಲ್ಲ; ಇಳಿದು ಬಂದವನು ಯಾರು, ಯಾರಿಗಾಗಿ ಬಂದ ಎಂಬ ಪ್ರಶ್ನೆಯೂ ಇಲ್ಲ. 2014ರ ‘ಖಾನ್ಸ್ ಆಫ್ ತಾರ್ಕಿರ್’ ಮಾಲೆಯಲ್ಲಿ ನಾಗರೂ ರಾಕ್ಷಸರೂ ಕಾಣಿಸಿಕೊಂಡರು. ರಾಕ್ಷಸನ ಹೆಸರು ಎಲೆಯ ಶಿರೋನಾಮೆಯಲ್ಲಿದೆ. ಕೆಳಗಿನ ಕುಲದ ಸಾಲಿನಲ್ಲಿ ಮಾತ್ರ ‘ಕ್ಯಾಟ್ ಡೀಮನ್’ ಎಂದಿದೆ, ಅಂದರೆ ಮಾರ್ಜಾಲ–ಪಿಶಾಚ. 1970ರ ದಶಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಅಮೆರಿಕದ ಆಟ ರಾಕ್ಷಸನಿಗೆ ಹುಲಿಯ ಮುಖವನ್ನು ತೊಡಿಸಿತು. ಅದೇ ಮುಖ ಇಲ್ಲಿಗೂ ಬಂದಿತು. ಈ ಎಲೆಯನ್ನು ಕೈಯಲ್ಲಿ ಹಿಡಿದ ನನ್ನ ಮೊಮ್ಮಗಳು, “ತಾತ, ರಾವಣ ಬೆಕ್ಕಿನ ಜಾತಿಯವನಾ?” ಎಂದು ಕೇಳಿದಳು. ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಎಲೆ ಹೇಳಿದ್ದನ್ನು ಅವಳು ಓದಿದ್ದಳು. ನಾನು ಅವಳಿಗೆ ರಾವಣನ ವೀಣೆಯ ಕಥೆಯನ್ನೂ, ಅವನ ತಮ್ಮ ವಿಭೀಷಣನೂ ರಾಕ್ಷಸನೇ ಎಂಬುದನ್ನೂ ಹೇಳಬೇಕಾಯಿತು.

ನಾಗರ ಕಥೆ ಇನ್ನಷ್ಟು ಸಂಕ್ಷಿಪ್ತ. ಅವರಿಗೆ ಮೊದಲು ‘ನಾಗ’ ಎಂಬ ಕುಲವೇ ಇತ್ತು. ಮುಂದೆ ಪಟ್ಟಿಯನ್ನು ಚಿಕ್ಕದು ಮಾಡುವಾಗ ಆ ಕುಲವನ್ನು ತೆಗೆದು, ಅವರನ್ನೆಲ್ಲ ‘ಹಾವು’ ಎಂಬುದರಲ್ಲಿ ಸೇರಿಸಿದರು. ಜೋಡಣೆಯ ದೃಷ್ಟಿಯಿಂದ ಇದು ಲಾಭವೇ. ಹಾವುಗಳಿಗೆ ಬಲ ಕೊಡುವ ಎಲೆಗಳೆಲ್ಲ ಈಗ ಇವರಿಗೂ ಒದಗುತ್ತವೆ. ಆದರೆ ಅಶ್ವತ್ಥಕಟ್ಟೆಯ ಕೆಳಗೆ ನಾಗರಕಲ್ಲಿಗೆ ಹಾಲೆರೆಯುವ ಊರಿನವನು, ನಾಗನೆಂದರೆ ಹಾವು ಎಂದಷ್ಟೇ ಹೇಳಿ ಸುಮ್ಮನಾಗಲಾರ. 2016ರಲ್ಲಿ ಭಾರತದ ಉಡುಗೆ, ವಾಸ್ತು, ಬಣ್ಣಗಳನ್ನು ನೆನಪಿಸುವ ಲೋಕವೊಂದನ್ನು ಇದೇ ಆಟ ಸೃಷ್ಟಿಸಿ, ‘ಕಲಾದೇಶ’ವೆಂದು ಹೆಸರಿಟ್ಟಿತು. ಕನ್ನಡಿಗನ ಕಿವಿಗೆ ಅದು ಕಲೆಗಳ ನಾಡು; ಇಂಗ್ಲಿಷ್ ಅಕ್ಷರಗಳಲ್ಲಿ ಓದಿದ ಹಿಂದಿಯವರಿಗೆ ಕಪ್ಪು ದೇಶವೆಂದೂ ಕೇಳಿಸಬಹುದು. 2025ರ ‘ಈಥರ್‌ಡ್ರಿಫ್ಟ್’ ಮಾಲೆಯಲ್ಲಿ ಆ ಲೋಕಕ್ಕೆ ‘ಆವಿಷ್ಕಾರ್’ ಎಂಬ ಹೊಸ ಹೆಸರು ಬಂದಿದೆ. ಯಂತ್ರನಿರ್ಮಾಪಕರ ನಾಡಿಗೆ ಇದು ನಿಜವಾಗಿ ಒಪ್ಪುವ ಅನ್ವರ್ಥನಾಮ. ಪದವನ್ನು ಎರವಲು ತಂದವರು ಅದರ ಸದ್ದನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಹೆಸರು ಕೆಲಸಮಾಡುತ್ತದೆಂದು ಮೊದಲೇ ಹೇಳಿದೆ. ಅದು ಎಷ್ಟು ದೂರದವರೆಗೆ ಮಾಡಬಲ್ಲದೆಂಬುದು 2019ರಲ್ಲಿ ತಿಳಿದುಬಂದಿತು. ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬಿಡರ್ಮನ್, ಆಸ್ಟಿನ್ ಹೆರಿಕ್ ಎಂಬ ಮೂವರು ಆ ವರ್ಷ ಒಂದು ಪ್ರಬಂಧ ಪ್ರಕಟಿಸಿ, ಈ ಆಟದ ಎಲೆಗಳಿಂದಲೇ ಗಣಕಯಂತ್ರವನ್ನು ಕಟ್ಟಬಹುದೆಂದು ಸಾಧಿಸಿದರು. 1936ರಲ್ಲಿ ಆಲನ್ ಟ್ಯೂರಿಂಗ್ ಕಲ್ಪಿಸಿದ ಯಂತ್ರಕ್ಕೆ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಯಂತ್ರವು ಅದರ ಮೇಲಿನ ಅಕ್ಷರವನ್ನು ಓದಿ, ಅಳಿಸಿ, ಬೇರೊಂದನ್ನು ಬರೆಯುತ್ತ ಹೋಗುತ್ತದೆ. ಈ ಮೂವರು ಅಕ್ಷರಗಳ ಜಾಗದಲ್ಲಿ ಪ್ರಾಣಿಗಳನ್ನಿಟ್ಟರು. ಪ್ರಾಣಿಯ ಕುಲವೇ ಅಕ್ಷರ. ಅದರ ಬಲ, ತಾಳಿಕೆಗಳ ಅಂಕಿಯಿಂದ ಪಟ್ಟಿಯಲ್ಲಿ ಅದು ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತದೆ. 2002ರ ‘ರಾಟ್‌ಲಂಗ್ ರೀಅನಿಮೇಟರ್’ ಎಂಬ ಎಲೆಯ ಪ್ರಕಾರ ಪಾದ್ರಿಯೊಬ್ಬ ಸತ್ತರೆ ಒಂದು ನಡೆಯುವ ಹೆಣ ಹುಟ್ಟುತ್ತದೆ. ಅದೇ ವರ್ಷದ ‘ಆರ್ಟಿಫಿಷಿಯಲ್ ಎವಲ್ಯೂಷನ್’ ಎಂಬ ಇನ್ನೊಂದು ಎಲೆ ಬೇರೆ ಎಲೆಯೊಳಗಿನ ಕುಲನಾಮವನ್ನು ತಿದ್ದಿ ಇನ್ನೊಂದು ಕುಲನಾಮವನ್ನಿಡುತ್ತದೆ. ಎರಡನ್ನೂ ಜೋಡಿಸಿದರೆ, ಯಾವ ಕುಲದ ಪ್ರಾಣಿ ಸತ್ತಾಗ ಯಾವ ಕುಲದ್ದು ಹುಟ್ಟಬೇಕೆಂದು ಇಷ್ಟಬಂದಂತೆ ಬರೆಯಬಹುದು. ಒಂದು ಅಕ್ಷರ ಅಳಿದು ಇನ್ನೊಂದು ಮೂಡಿದಂತಾಯಿತು. ಅವರಿಗೆ ಬೇಕಾದದ್ದು ಹದಿನೆಂಟು ಅಕ್ಷರಗಳು. ಕುಲನಾಮಗಳಿಂದ ಅವರು ಒಂದು ವರ್ಣಮಾಲೆಯನ್ನೇ ಕಟ್ಟಿ, ಯಂತ್ರದಿಂದ ಸಾಧ್ಯವಾದ ಯಾವ ಲೆಕ್ಕವನ್ನಾದರೂ ಅದರಲ್ಲಿ ಬರೆಯಬಹುದೆಂದು ತೋರಿಸಿದರು.

ಚಿತ್ರದ ಅಡಿಬರಹವಾಗಿ ಆರಂಭವಾದ ಕುಲನಾಮ ಮೊದಲು ಬಂಧುತ್ವವಾಯಿತು, ಬಳಿಕ ಕಾನೂನಾಯಿತು, ಕೊನೆಗೆ ಅಕ್ಷರವಾಯಿತು. ಅಕ್ಷರವಾದಾಗ ಅದರ ಶಕ್ತಿಗೆ ಮೇರೆಯಿಲ್ಲ. ಆದರೆ ಆ ಹಂತದಲ್ಲಿ ಪಾದ್ರಿ, ಹಾವು, ಇಲಿ ಎಂಬ ಹೆಸರುಗಳಲ್ಲಿ ಅರ್ಥವೆಂಬುದು ಎಳ್ಳಷ್ಟೂ ಉಳಿದಿರುವುದಿಲ್ಲ. ಒಂದರ ಬದಲು ಇನ್ನೊಂದನ್ನಿಟ್ಟರೂ ಯಂತ್ರ ನಡೆಯುತ್ತದೆ. ಆಟಕ್ಕೆ ಇದು ಕೊರತೆಯಲ್ಲ. ಆಟ ತನಗೆ ಬೇಕಾದಷ್ಟು ಅರ್ಥವನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬಿಡುತ್ತದೆ. ಆ ಸ್ವಾತಂತ್ರ್ಯ ಅದಕ್ಕಿದೆ. ಅದು ಬಿಟ್ಟದ್ದನ್ನು ಎತ್ತಿಕೊಂಡು ಕಾಪಾಡಬೇಕಾದ ಹೊಣೆ ಆ ಪದಗಳನ್ನು ದಿನನಿತ್ಯ ನುಡಿಯುವವರದು. ನಮ್ಮ ಮಕ್ಕಳು ಈ ಎಲೆಗಳನ್ನು ಆಡಲಿ. ರಾಜನು ತನ್ನ ಪ್ರಜೆಗಳ ಕುಲಕ್ಕೆ ಸೇರಿದ ಬಗೆಯನ್ನೂ, ಹುಟ್ಟು–ಕಸುಬುಗಳ ನಡುವೆ ತೆರಪು ಮೂಡಿದ ಬಗೆಯನ್ನೂ ಅವುಗಳಿಂದ ಕಲಿಯಲಿ. ರಾಕ್ಷಸನ ಎಲೆ ಕೈಗೆ ಬಂದ ದಿನ ಅವರು ಮನೆಯ ಹಿರಿಯರ ಬಳಿ ಬಂದು ಪ್ರಶ್ನೆ ಕೇಳುತ್ತಾರೆ. ಆಗ ಹೇಳುವುದಕ್ಕೆ ನಮ್ಮಲ್ಲಿ ಕಥೆಯಿರಬೇಕು.